ಭರಮಮ್ಮನನ್ನು ಮಣೆಯ ಮೇಲೆ ಕೂರಿಸಿದರು

ಭರಮಮ್ಮನಿಗೆ ಸಿಟ್ಟು ಬಂದರೆ ಊರವರು ಕೈ ಮುಗಿಯುತ್ತಿದ್ದರು. ಅದನ್ನು ಕಂಡು ಅವಳಿಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಕಂಪ್ಲಿಯ ಕಾಲುವೆ ಬಯಲಿನಲ್ಲಿ ಅವಳು ನಾಟಿ ಗುಂಪಿನ ಮೇಸ್ತ್ರಿಯಾಗಿದ್ದವಳು. ಕಾಲುವೆಗೆ ನೀರು ಬಿಟ್ಟರೆ ಸಾಕು, ರೈತರು ಅವಳ ಮನೆ ಬಾಗಿಲಿಗೆ ಬರುತ್ತಿದ್ದರು. ಅವಳು ಗದ್ದೆ ನೋಡಿ, ಇಷ್ಟು ಹೆಣ್ಣಾಳು, ಇಂಥ ದಿನ ಎಂದು ಮಾತು ಕೊಟ್ಟರೆ ಮುಗಿಯಿತು. ಸಸಿ ಕೀಳುವವರು ಯಾರು, ಹಚ್ಚುವವರು ಯಾರು, ಎಳೆಗೂಸಿನ ತಾಯಿಗೆ ಬದುವಿನ ಹತ್ತಿರ ಯಾವ ಜಾಗ, ಎಲ್ಲವೂ ಅವಳ ತಲೆಯಲ್ಲೇ ಇರುತ್ತಿತ್ತು.

ಹೋದ ವರ್ಷದ ಮಳೆಗಾಲದಲ್ಲಿ ಆ ತಲೆಗೇ ಜ್ವರ ಏರಿತು. ಮೊದಲು ತಲೆನೋವು, ಆಮೇಲೆ ವಾಂತಿ, ಆಮೇಲೆ ಫಿಟ್ಸ್. ಬಳ್ಳಾರಿಯ ದವಾಖಾನೆಯಲ್ಲಿ ಮೆದುಳು ಜ್ವರ ಎಂದರು. ಬದುಕಿದ್ದೇ ಹೆಚ್ಚು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಅವಳ ಗಂಡ ಹುಲಿಗೇಶನನ್ನು ಎದುರು ಕೂರಿಸಿಕೊಂಡು ಹೇಳಿದ್ದರು: "ಜೀವ ಉಳಿದಿದೆ, ಮೆದುಳಿಗೆ ಪೆಟ್ಟಾಗಿದೆ. ಫಿಟ್ಸ್ ಗುಳಿಗೆ ಬಿಡಿಸಬೇಡಿ. ಗದ್ದಲದಿಂದ ದೂರ ಇಡಿ. ಒಮ್ಮೆಗೆ ಒಂದೇ ಕೆಲಸ ಹೇಳಿ." ಹುಲಿಗೇಶ ತಲೆಯಾಡಿಸಿದ. ಅವನು ಎಲ್ಲದಕ್ಕೂ ತಲೆಯಾಡಿಸುವವನೇ.

ನೋಡುವವರ ಕಣ್ಣಿಗೆ ಭರಮಮ್ಮ ಗಟ್ಟಿಯಾಗಿಯೇ ಇದ್ದಳು. ಅದೇ ಅವಳಿಗೆ ಮುಳುವಾಯಿತು. ಚಹಾಕ್ಕೆ ನೀರಿಟ್ಟು, ಮುಂದೇನು ಎಂದು ತಿಳಿಯದೆ ಒಲೆಯ ಮುಂದೆ ನಿಂತುಬಿಡುವಳು. ಇಬ್ಬರು ಒಟ್ಟಿಗೆ ಮಾತಾಡಿದರೆ ಒಬ್ಬರದೂ ಒಳಗೆ ಇಳಿಯುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸುಸ್ತು.

"ಉಂಡು ಉಂಡು ಮೈಗಳ್ಳಿ ಆಗ್ಯಾಳ," ಎಂದಳು ಅತ್ತೆ ದುರ್ಗಕ್ಕ.

"ತಲಿಯಾಗ ಹತ್ತಿ ತುಂಬಿದಂಗ ಆಗೈತಿ, ಅತ್ತಿ."

"ನನಗೂ ಆಗೈತಿ. ನಾನೇನು ಹೊಚ್ಚಿಕೊಂಡು ಮಕ್ಕೊಂಡೀನಾ?"

ಒಂದು ಮಂಗಳವಾರ ಊರಮ್ಮನ ಗುಡಿಯಲ್ಲಿ ಪೂಜೆ. ಹಲಗೆಯ ಬಡಿತ, ಗಂಟೆಯ ಸದ್ದು, ಜನ. ಭರಮಮ್ಮ ಕಿವಿ ಮುಚ್ಚಿಕೊಂಡು ನೋಡಿದಳು. ಕೊನೆಗೆ ತಡೆಯಲಾರದೆ ಆರತಿ ತಟ್ಟೆ ಎಸೆದು, "ನಿಲ್ಲಸ್ರಿ!" ಎಂದು ಕಿರುಚಿ ಕುಸಿದಳು. ಹಲಗೆ ನಿಂತಿತು. ಯಾರೋ, "ಅವ್ವ ಬಂದ್ಲು!" ಎಂದರು. ಸೊಸೆಯ ಕಾಲಿಗೆ ಮೊದಲು ಬಿದ್ದವಳು ದುರ್ಗಕ್ಕನೇ.

ಮೈಗಳ್ಳಿ ಒಂದೇ ದಿನದಲ್ಲಿ ದೇವರಾದಳು. ಅಲ್ಲಿಂದ ಪ್ರತಿ ಮಂಗಳವಾರ ಅರಿಶಿನ ಬಳಿದು ಗುಡಿಯ ಮುಂದೆ ಮಣೆಯ ಮೇಲೆ ಕೂರಿಸಿದರು. ಅವಳು ಸುಮ್ಮನೆ ಕೂತರೆ ಅವ್ವ ಇನ್ನೂ ಬಂದಿಲ್ಲವೆಂದು ಹಲಗೆಯನ್ನು ಕಿವಿಯ ಬುಡದಲ್ಲೇ ಬಡಿದರು. ತಲೆ ಸಿಡಿದು ಕಿರುಚಿದರೆ ಎಲ್ಲರಿಗೂ ಸಮಾಧಾನ. ದೇವರು ಬರುವ ಮೈಗೆ ಔಷಧ ಸಲ್ಲದೆಂದು ಗುಳಿಗೆಯನ್ನೂ ನಿಲ್ಲಿಸಿದರು. ಮತ್ತೆ ಫಿಟ್ಸ್ ಬಂತು. ಅದಕ್ಕೂ ಕರ್ಪೂರ ಹಚ್ಚಿದರು.

ಪಕ್ಕದ ಮನೆಯವಳಾದ ನಾನೂ ಊರಮ್ಮನಿಗೆ ದೀಪ ಇಡುವವಳೇ. ರೋಗಿಯೊಬ್ಬಳ ಕಿವಿಗೆ ಹಲಗೆ ಬಡಿಸಿ ಮಾತಾಡುವ ದರಿದ್ರ ಅವಳಿಗೆ ಬಂದಿಲ್ಲ.

"ನಾ ದೇವ್ರಲ್ಲ. ನನಗ ಜ್ವರ ಬಂದಿತ್ತು. ನನ್ನ ನೆಲ್ಲು ಹಚ್ಚಾಕ ಕಳಸ್ರಿ," ಎಂದು ಭರಮಮ್ಮ ಪದ ಹುಡುಕುತ್ತ, ತಡವರಿಸುತ್ತ ಸಿಕ್ಕವರಿಗೆಲ್ಲ ಹೇಳಿದಳು. "ಅವ್ವ ನಮ್ಮನ್ನ ಪರೀಕ್ಷೆ ಮಾಡ್ತಾಳ," ಎಂದರು ಜನ.

ಈ ಸಲ ಕಾಲುವೆಗೆ ನೀರು ಬರುವಾಗ ಗುಂಪು ಲಲಿತಾಳ ಕೈಗೆ ಹೋಗಿತ್ತು. ಲಲಿತಾ ಎಂದರೆ ಭರಮಮ್ಮನ ಪಕ್ಕದ ಸಾಲಿನಲ್ಲೇ ಸಸಿ ಹಚ್ಚುತ್ತ ಬೆಳೆದ ಗೆಳತಿ. ಅವಳೂ ಒಂದು ಮಂಗಳವಾರ ಮಗಳು ಸ್ನೇಹಾಳನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಮಗು ಕೆಂಡದಂತೆ ಸುಡುತ್ತಿತ್ತು.

"ನಿನ್ನಿಯಿಂದ ತಲಿ ಎತ್ತವಲ್ದವ್ವ, ಬೆಳಕು ಕಂಡ್ರ ಅಳತೈತಿ. ಹಣಿಗೆ ಹಚ್ಚಾಕ ಅರಿಶಿನ ಭಂಡಾರ ಕೊಡು," ಎಂದು ಮಣೆಯ ಮುಂದೆ ಮಲಗಿಸಿದಳು.

ಭರಮಮ್ಮ ಮಗುವಿನ ಕುತ್ತಿಗೆಯ ಕೆಳಗೆ ಕೈ ಹಾಕಿದಳು. ಕುತ್ತಿಗೆ ಕೊರಡಾಗಿತ್ತು. ಅವಳಿಗೆ ತಿಳಿಯಿತು, ಹೇಳಬೇಕಾದ ಮಾತು ಮಾತ್ರ ಹಲಗೆಯ ಸದ್ದಿನಲ್ಲಿ ಸಿಗಲಿಲ್ಲ. ಎದ್ದು ಹಲಗೆ ಕಿತ್ತುಕೊಂಡು ಅಂಗಳಕ್ಕೆ ಎಸೆದಳು. ಆಗ ಸಿಕ್ಕಿತು.

"ಲಲಿತಾ, ಇದು ನನಗ ಬಂದ ಜ್ವರ. ದವಾಖಾನಿಗೆ ಒಯ್ಯಿ."

"ಒಯ್ತೀನವ್ವ. ಮೊದ್ಲು ಭಂಡಾರ ಹಚ್ಚು. ನಾಳಿ ನೋಡ್ತೀನಿ."

ಭರಮಮ್ಮನಾಗಿ ಆಡಿದ ಮಾತು ನಡೆಯುವುದಿಲ್ಲ. ಹಲ್ಲು ಕಚ್ಚಿ ಅವಳು ಮಣೆಯ ಮೇಲೆ ಹತ್ತಿ ನಿಂತಳು. ಯಾವುದು ತಾನಲ್ಲವೆಂದು ಕೂಗುತ್ತ ಬಂದಿದ್ದಳೋ ಅದೇ ಆದಳು.

"ಅವ್ವ ಹೇಳ್ತೀನಿ, ಕೇಳ್ರಿ! ಈಗಿಂದೀಗ ಈ ಕೂಸನ್ನ ಬಳ್ಳಾರಿಗೆ ಒಯ್ಲಿಲ್ಲಂದ್ರ ಯಾರೂ ನನ್ನ ಗುಡಿ ಹೊಸ್ತಿಲ ತುಳೀಬ್ಯಾಡ್ರಿ!"

ಹುಲಿಗೇಶನೇ ಓಡಿಹೋಗಿ ಗಾಡಿ ತಂದ.

ಸ್ನೇಹಾ ಉಳಿದಳು. ಡಾಕ್ಟರು ಉಳಿಸಿದರು ಎನ್ನಲಿಲ್ಲ ಊರು, ಅವ್ವ ಉಳಿಸಿದಳು ಎಂದಿತು. ಮುಂದಿನ ಮಂಗಳವಾರ ದೂರದ ಮರಿಯಮ್ಮನಹಳ್ಳಿಯಿಂದಲೂ ಜನ ಬಂದರು. ಭರಮಮ್ಮ ಕೋಣೆಯ ಚಿಲಕ ಹಾಕಿಕೊಂಡಳು. ಕಿಟಕಿಯ ಬಳಿ ನಿಂತ ನನಗೆ ಅಂದಳು: "ಖರೇ ಹೇಳಿದೆ, ಕೇಳಲಿಲ್ಲ. ಸುಳ್ಳು ಹೇಳಿದೆ, ಗಾಡಿ ತಂದ್ರು. ಇವ್ರಿಗೆ ಏನು ಹೇಳ್ಬೇಕು?"



ಮಗು ಮನೆಗೆ ಬಂದ ಮೇಲೆ ಲಲಿತಾ ಸೀರೆ, ಕಾಯಿ ಹಿಡಿದು ಉಡಿ ತುಂಬಲು ಬಂದಳು. ಭರಮಮ್ಮ ತಟ್ಟೆಯನ್ನು ಕಾಲಿನಿಂದ ಸರಿಸಿದಳು.

"ಉಡಿ ಬ್ಯಾಡ. ನನ್ನ ಗುಳಿಗಿ ತಂದುಕೊಡು. ನನ್ನ ನಾಟಿಗೆ ಕರ್ಕೊಂಡು ಹೋಗು."

"ಗುಳಿಗಿ ತರ್ತೀನಿ. ಆದ್ರ ದೇವ್ರನ್ನ ಕೆಸರಿಗೆ ಹೆಂಗ ಇಳಸ್ಲಿ?"

"ಆಸ್ಪತ್ರಿಯಾಗ ನಿನ್ನ ಮಗಳಿಗೆ ಏನಂದ್ರು? ದೇವ್ರು ಬಂದೈತಿ ಅಂದ್ರಾ?"

ಲಲಿತಾ ತಲೆ ತಗ್ಗಿಸಿ ಹೋದಳು. ಗುಳಿಗೆ ಮಾತ್ರ ಸಂಜೆಯೇ ಬಂತು.

ಆಮೇಲೆ ಬಂದ ಮಂಗಳವಾರ, ಹಲಗೆಯವರು ಬರುವ ಮೊದಲೇ ಭರಮಮ್ಮ ಸೀರೆ ಮೇಲಕ್ಕೆ ಕಟ್ಟಿ ಗದ್ದೆಗೆ ನಡೆದಳು. "ಅವ್ವನ್ನ ತಡಿಯಾಕ ಬರ್ತೀಯೇನು?" ಎಂದು ಕೇಳಿದ್ದಕ್ಕೆ ದುರ್ಗಕ್ಕ ಬಾಗಿಲು ಬಿಟ್ಟು ಸರಿದಿದ್ದಳು. ಹೆಂಗಸರು ಕೆಸರಿನಲ್ಲೇ, ಸಸಿ ಹಿಡಿದ ಕೈ ಮುಗಿದರು.

"ಕೈ ಇಳಸ್ರಿ, ಸಸಿ ಬಾಡ್ತಾವ. ಮಾತು ಒಬ್ರೇ ಆಡ್ರಿ. ಒಂದೊಂದೇ ಕೆಲಸ ಹೇಳ್ರಿ."

ಲಲಿತಾಳ ಪಕ್ಕದಲ್ಲಿ ಇಳಿದು ಹಚ್ಚತೊಡಗಿದಳು. ಸ್ವಲ್ಪ ಹೊತ್ತಿನಲ್ಲಿ ಅವಳ ಸಾಲು ಬಾಗಿ ಲಲಿತಾಳ ಸಾಲಿಗೆ ಸೇರಿತು. ಲಲಿತಾ ಅವಳಿಗೆ ಕಾಣದಂತೆ ಕೈ ಚಾಚಿ ಅದನ್ನು ಕಿತ್ತು ಸರಿಪಡಿಸಹೋದಳು.

"ಲೇ!" ಭರಮಮ್ಮ ಅವಳ ಮಣಿಕಟ್ಟು ಹಿಡಿದಳು. ಕಣ್ಣು ಕೆಂಪಾಗಿದ್ದವು. "ಕದ್ದು ಕೀಳಬ್ಯಾಡ. ಬ್ಯಾರೆ ಯಾರರ ಹಚ್ಚಿದ್ರ ಏನಂತಿದ್ದಿ? ಅದನ್ನ ಅನ್ನು."

ಗದ್ದೆಯಲ್ಲಿ ಎಲ್ಲರೂ ನಿಂತರು. ಲಲಿತಾ ಸಾಲಿನ ಕಡೆ ಕೈ ತೋರಿಸಿದಳು.

"ಕಣ್ಣು ಎಲ್ಲಿ ಇಟ್ಟೀಯಲೇ? ಸೊಟ್ಟ ಹಚ್ಚೀದಿ. ಕಿತ್ತು ಮತ್ತ ಹಚ್ಚು."

ಭರಮಮ್ಮ ಮಣಿಕಟ್ಟು ಬಿಟ್ಟು, ಬಗ್ಗಿ, ಕೀಳತೊಡಗಿದಳು.