ಒಂದು ಗಂಟೆ ಮುಂಚೆ ಹೇಳುವ ಮನೆ

ಬೀಗ ರಿಪೇರಿಯವನಿಗೆ ಬೀದಿಯವರು ಇಟ್ಟ ಹೆಸರು ‘ಐದೇ ನಿಮಿಷ’. ಕೀಲಿಕೈ ಕಳೆದುಕೊಂಡು ಮೆಟ್ಟಿಲ ಮೇಲೆ ಕೂತವರು ಫೋನ್ ಮಾಡಿದರೆ, “ದಾರೀಲಿದ್ದೀನಿ, ಐದೇ ನಿಮಿಷ” ಅನ್ನುವನು. ಆಗಿನ್ನೂ ಅಂಗಡಿಯಲ್ಲೇ ಕಾಲು ಚಾಚಿಕೊಂಡು ಟೀ ಹೀರುತ್ತಿರುತ್ತಿದ್ದ. ಕೈಕೆಲಸ ಮಾತ್ರ ಬಲು ಚೊಕ್ಕ. ಅದಕ್ಕೇ ಜನ ಬೈದುಕೊಂಡಾದರೂ ಕಾಯುತ್ತಿದ್ದರು. ಅದನ್ನೇ ಮಹಾಶಯ ತನಗೆ ಸಿಗುವ ಮರ್ಯಾದೆ ಎಂದುಕೊಂಡಿದ್ದ.

ಹೆಂಡತಿ ಅವನಿಗಿಂತ ಚಾಲಾಕಿ. ಡಾಕ್ಟರು ಐದಕ್ಕೆ ಬರಹೇಳಿದರೆ ಗಂಡನಿಗೆ ನಾಲ್ಕು ಅನ್ನುವಳು. ಈ ಗುಟ್ಟು ಅವನಿಗೂ ಗೊತ್ತಾಯಿತು. ನಾಲ್ಕು ಅಂದರೆ ಐದು ಎಂದು ಮನಸ್ಸಿನಲ್ಲೇ ಕೂಡಿಸಿಕೊಂಡು ಆರಾಮಾಗಿ ಹೊರಡುತ್ತಿದ್ದ. ಇಬ್ಬರಿಗೂ ಇದೊಂದು ತಮಾಷೆ.

ಮಗಳಿಗೆ ಮಾತ್ರ ಈ ಆಟ ಹಿಡಿಸುತ್ತಿರಲಿಲ್ಲ. ಅವಳ ನರ್ಸಿಂಗ್ ಓದು ಮುಗಿದು, ಹೆತ್ತವರೇ ವೇದಿಕೆಗೆ ಬಂದು ಮಕ್ಕಳ ಹೆಗಲಿಗೆ ಬ್ಯಾಡ್ಜು ಚುಚ್ಚುವ ಸಮಾರಂಭ ಬಂತು.

“ಅಮ್ಮಾ, ಈ ಸಲ ಅಪ್ಪಂಗೆ ಸುಳ್ಳು ಹೇಳ್ಬೇಡ. ನನಗೋಸ್ಕರ ಸರಿಯಾಗಿ ಬಂದೇ ಬರ್ತಾರೆ” ಎಂದವಳೇ, ತಾನೇ ಅಂಗಡಿಗೆ ಹೋದಳು. “ಅಪ್ಪಾ, ಮೂರು ಗಂಟೆಗೆ. ಬ್ಯಾಡ್ಜು ನೀವೇ ಚುಚ್ಬೇಕು.”

ಇಸ್ತ್ರಿ ಅಂಗಿ ತೊಟ್ಟು ಅವನು ನಾಲ್ಕಕ್ಕೆ ಹೋದಾಗ ಹುಡುಗರು ಕುರ್ಚಿ ಪೇರಿಸುತ್ತಿದ್ದರು. “ನೋಡಿದ್ಯಾ, ಟೈಮಿಗೆ ಸರಿಯಾಗಿ ಬಂದೆ!” ಎಂದು ಹೆಂಡತಿಯತ್ತ ಹಲ್ಲು ಕಿರಿದ.

“ಅವಳು ನಿಜಾನೇ ಹೇಳಿದ್ಳು ಕಣ್ರೀ” ಎಂದಳು ಹೆಂಡತಿ. ಗಂಡನ ದಾರಿ ನೋಡುತ್ತ ಅವಳೂ ಗೇಟಿನಲ್ಲೇ ಉಳಿದಿದ್ದಳು. ಮಗಳ ಹೆಸರು ಕರೆದಾಗ ಗೆಳತಿಯ ತಂದೆ ಎದ್ದು ಹೋಗಿ ಬ್ಯಾಡ್ಜು ಚುಚ್ಚಿದ್ದರು.

“ಪರವಾಗಿಲ್ಲ ಬಿಡಿ ಅಪ್ಪಾ” ಎಂದಳು ಮಗಳು. ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ತಿಂಗಳು ಕಳೆಯುವುದರೊಳಗೆ ಅವಳಿಗೆ ಪಕ್ಕದ ಊರಿನ ಆಸ್ಪತ್ರೆಯಲ್ಲಿ ಕೆಲಸವಾಯಿತು. “ಬಸ್ಸು ಹತ್ತಕ್ಕೆ ಅಪ್ಪಾ. ಅಂಗಡಿಯಿಂದ ನೇರ ಬಸ್‌ಸ್ಟ್ಯಾಂಡಿಗೆ ಬನ್ನಿ” ಎಂದಳು. ಈ ಸಲ ಅವನು ಏನನ್ನೂ ಕೂಡಿಸಿಕೊಳ್ಳಲಿಲ್ಲ. ಮಗಳು ಸುಳ್ಳು ಹೇಳುವವಳಲ್ಲ. ಬಂದ ಗಿರಾಕಿಯನ್ನೂ ವಾಪಸು ಕಳಿಸಿ, ಹತ್ತಕ್ಕೆ ಮೊದಲೇ ಏದುಸಿರು ಬಿಡುತ್ತ ಹೋಗಿ ನಿಂತ.

ತಾಯಿ ಮಗಳು ಇಬ್ಬರೂ ಕಾಣಲಿಲ್ಲ. ಬಸ್ಸು ಹೋಗಿಯೇಬಿಟ್ಟಿತೋ ಎಂದು ಕೌಂಟರಿಗೆ ಓಡಿದ.

“ಆ ಊರಿಗೆ ಹತ್ತಕ್ಕೆ ಯಾವ ಬಸ್ಸೂ ಇಲ್ಲವಲ್ಲ” ಎಂದ ಟಿಕೆಟಿನವನು. “ಇರೋದು ಹನ್ನೊಂದಕ್ಕೆ.”

ಅವನು ಬೆಂಚಿನ ಮೇಲೆ ಕುಸಿದು ಕೂತ. ಮನೆಯಲ್ಲಿ ಅವನನ್ನು ನಂಬಿದ್ದವಳು ಮಗಳೊಬ್ಬಳೇ. ಈಗ ಅವಳೂ ತಾಯಿಯ ದಾರಿ ಹಿಡಿದಿದ್ದಳು.

ಮುಕ್ಕಾಲು ಗಂಟೆಯ ಮೇಲೆ ತಾಯಿ ಮಗಳು ಮಾತಾಡಿಕೊಳ್ಳುತ್ತ ನಿಧಾನಕ್ಕೆ ಬಂದರು. ಅಪ್ಪನನ್ನು ಕಂಡದ್ದೇ ಮಗಳ ಮುಖ ಕೆಂಪಗಾಯಿತು. “ಅಪ್ಪಾ... ಆಗ್ಲೇ ಬಂದ್ಬಿಟ್ರಾ?”

“ಹೂಂ” ಎಂದಷ್ಟೇ ಹೇಳಿ ಅವಳ ಕೈಯಿಂದ ಚೀಲ ತೆಗೆದುಕೊಂಡ. ತನ್ನ ದೆಸೆಯಿಂದ ಸುಳ್ಳು ಕಲಿತ ಮಗಳು ತನ್ನೆದುರೇ ತಲೆ ತಗ್ಗಿಸಿದ್ದನ್ನು ನೋಡಲಾರದೆ, ಬಸ್ಸು ಹೊರಡುವವರೆಗೂ ಬೇರೆ ಕಡೆ ಮುಖ ಮಾಡಿ ನಿಂತ.