ಗಾಬರಿ ಅಕ್ಕನ ಸಿಮ್ಯುಲೇಟರ್

ಪೈಲಟ್‌ಗಳೆಲ್ಲ ಅವಳನ್ನು ಗಾಬರಿ ಅಕ್ಕ ಎಂದೇ ಕರೆಯುತ್ತಾರೆ; ಗಾಬರಿಪಡಿಸುವುದಕ್ಕೇ ಸಂಬಳ ಪಡೆಯುವವಳು ಅವಳೊಬ್ಬಳೇ. ಇನ್ನೂ ಕಟ್ಟದ ಯುದ್ಧವಿಮಾನದ ಕಾಕ್‌ಪಿಟ್ಟನ್ನು ಪ್ಲೈವುಡ್ಡಿನಲ್ಲಿ ಮಾಡಿ, ಎದುರಿನ ಪರದೆಯಲ್ಲಿ ಆಕಾಶ ತೋರಿಸಿ, ಒಳಗೆ ಕೂತ ಪೈಲಟ್‌ಗೆ ಒಂದೊಂದೇ ಸಂಕಟ ಕಳಿಸಿ, ಯಾವ ಸ್ವಿಚ್ಚಿಗೆ ಕೈ ತಪ್ಪುತ್ತದೆಂದು ನೋಡುವುದು ಅವಳ ಕೆಲಸ. "ಅಕ್ಕಾ, ಇವತ್ತು ಎಷ್ಟು ಸಲ ಸಾಯಿಸ್ತೀರಿ?" ಎಂದರೆ, "ಊಟಕ್ಕೆ ಮುಂಚೆ ಮೂರೇ ಸಲಪ್ಪ, ಆಮೇಲೆ ನೋಡೋಣ" ಎನ್ನುತ್ತಾಳೆ. ಮನೆಯಲ್ಲೂ ಬಿಡುವುದಿಲ್ಲ, ಗಂಡನ ಕಣ್ಣಿಗೆ ಟವೆಲ್ ಕಟ್ಟಿ ಮಗುವಿನ ಹಾಲಿನ ಬಾಟಲಿ ಹುಡುಕಿಸುತ್ತಾಳೆ. "ಇದನ್ನ ಬಿಚ್ಚಿದ್ರೆ ಸಿಗುತ್ತೆ ಕಣೇ!" "ಮನೆ ತುಂಬಾ ಹೊಗೆ ಆದ್ರೆ ಏನ್ ಬಿಚ್ತೀರಿ?" ಅವನ ಕೈ ಉಪ್ಪಿನ ಡಬ್ಬಿಗೆ ಹೋದರೆ ಮರುದಿನವೇ ಆ ಡಬ್ಬಿಗೆ ಬೇರೆ ಕಪಾಟಿಗೆ ವರ್ಗ. ಕಳೆದ ವಾರ ಕಚೇರಿಯಲ್ಲಿ ಅವಳ ಜಗಳ ಇಂಧನ ನಿಲ್ಲಿಸುವ ಸ್ವಿಚ್ಚಿನದು. ಅದು ದೀಪದ ಸ್ವಿಚ್ಚಿಗೆ ಅಂಟಿಕೊಂಡಂತಿದೆ, ಯಾರಾದರೂ ನಿಜವಾಗಿ ಬಿದ್ದಾರು, ನಾಲ್ಕು ಬೆರಳಷ್ಟು ಆಚೆ ಸರಿಸಿ ಎಂದು ಅವಳು. "ನಕ್ಷೆಗೆ ಸಹಿ ಆಗೋಗಿದೆಯಮ್ಮ, ಪೈಲಟ್‌ಗಳು ಕಲೀತಾರೆ ಬಿಡು" ಎಂದು ವಿನ್ಯಾಸ ವಿಭಾಗದ ಸಾಹೇಬರು. "ಹಾಗಾದ್ರೆ ಒಂದ್ಸಲ ನೀವೇ ಕೂತ್ಕೊಳ್ಳಿ ಸಾರ್" ಎಂದು ಅವರನ್ನೇ ಕೂರಿಸಿ, ದಪ್ಪ ಗ್ಲೌಸು ತೊಡಿಸಿ, ಕತ್ತಲು ಮಾಡಿದಳು. ದೀಪಕ್ಕೆಂದು ಚಾಚಿದ ಕೈ ಇಂಧನವನ್ನೇ ನಿಲ್ಲಿಸಿತು, ಪರದೆಯ ತುಂಬ ನೆಲ ಎದ್ದು ಬಂತು, ಸಾಹೇಬರು "ಅಮ್ಮಾ!" ಎಂದು ಚೀರಿದರು. ಸುತ್ತ ನಿಂತಿದ್ದ ಪೈಲಟ್‌ಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಮಾತ್ರ ಓಡಿಹೋಗಿ ಅವರ ಭುಜ ಹಿಡಿದು, "ಮಾತಾಡಿ ಸಾರ್" ಎಂದಳು. ಯಾವ ಪೈಲಟ್ ಪರದೆಯಲ್ಲಿ ಬಿದ್ದರೂ ಅವಳು ಹೀಗೆಯೇ. ಅವನ ದನಿ ಕಿವಿಗೆ ಬೀಳುವವರೆಗೆ ಯಂತ್ರವನ್ನು ಮತ್ತೆ ಚಾಲೂ ಮಾಡುವವಳಲ್ಲ. ಸಾಹೇಬರು ಬೆವರು ಒರೆಸಿಕೊಂಡು ಮೆಲ್ಲಗೆ ಬಾಯಿಬಿಟ್ಟರು: "ನಾಲ್ಕು ಬೆರಳು ಸಾಕೇನಮ್ಮ, ಐದು ಮಾಡೋಣ್ವಾ?"