ಮೂರನೆಯ ಸಲ ಕೇಳಿದಾಗ

ನಾನು ನಿಂತಿದ್ದುದು ಸಭಾಂಗಣದ ಎಡಬಾಗಿಲಿನ ಪಕ್ಕ, ಚಹಾದ ಮೇಜಿನ ಹಿಂದೆ. ಊರು ಅಡಿಲೇಡ್. ಮಾರ್ಚ್ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಮೂರು ಗಂಟೆಯ ಹೊತ್ತು. ನನಗೂ ವೇದಿಕೆಗೂ ನಡುವೆ ಯಾವ ಅಡ್ಡವೂ ಇರಲಿಲ್ಲ. ಮೊನ್ನೆ, ಈಗ ನಾವಿರುವ ಬ್ರಿಸ್ಬೇನ್‌ನಲ್ಲಿ, ಸನ್ನಿಬ್ಯಾಂಕ್‌ನ ಅಂಗಡಿ ಸಾಲಿನಲ್ಲಿ ಯಾರೋ ಕಾವಲಿಯ ಮೇಲೆ ಬೆಣ್ಣೆ ಹಾಕಿ ಒಣದ್ರಾಕ್ಷಿಯ ಬಿಲ್ಲೆಗಳನ್ನು ಬೇಯಿಸುತ್ತಿದ್ದರು. ಆ ವಾಸನೆಗೆ ಕಾಲು ನಿಂತುಬಿಟ್ಟಿತು. ಆ ದಿನ ನನ್ನ ಮುಂದಿನ ತಟ್ಟೆಯಲ್ಲೂ ಅವೇ ಇದ್ದವು...

ಆ ದಿನ ವೇದಿಕೆಯ ಮೇಲಿದ್ದವರು ನಮ್ಮ ಪಕ್ಕದ ಮನೆಯವರು. ನನ್ನ ಮಗಳು ಅಂಕಲ್ ಎನ್ನುತ್ತಿದ್ದಳು, ನಾವೂ ಹಾಗೇ ಕರೆದೆವು. ವೇಲ್ಸ್‌ನ ಪಶ್ಚಿಮ ಕರಾವಳಿಯವರು. ಅವರ ಊರಿನಲ್ಲಿ ಮೀನು ಹಿಡಿಯುವವರೂ ದನ ಸಾಕುವವರೂ ಛಂದಸ್ಸು ಕಲಿತು ಪದ್ಯ ಕಟ್ಟಿ ಸ್ಪರ್ಧೆಗೆ ಕಳಿಸುತ್ತಿದ್ದರಂತೆ. ಗೆದ್ದ ಕವಿಗೆ ಬಹುಮಾನ ಒಂದು ಓಕ್ ಮರದ ಕುರ್ಚಿ. ಬೇಲಿಯ ಈಚೆಯಿಂದ ಇದನ್ನು ಕೇಳಿ ನನ್ನ ಹೆಂಡತಿ ನಕ್ಕಳು.

"ನಮ್ಮಲ್ಲಿ ಶಾಲು ಹೊದಿಸಿ ಕಳಿಸ್ಬಿಡ್ತಾರೆ ಅಂಕಲ್, ಕೂರಕ್ಕೂ ಹೇಳಲ್ಲ."

"ಶಾಲೇ ವಾಸಿ. ನಮ್ಮಜ್ಜ ಮೂರು ಕುರ್ಚಿ ಗೆದ್ದ. ಅಜ್ಜಿ ಒಂದರಲ್ಲಿ ಕೋಳೀನ ಕಾವಿಗೆ ಕೂರಿಸಿದ್ಲು."

ಅಡಿಲೇಡ್‌ನಲ್ಲಿದ್ದ ವೇಲ್ಸ್ ಜನ ಈ ಸ್ಪರ್ಧೆಯನ್ನು ವರ್ಷಕ್ಕೊಮ್ಮೆ ಸಣ್ಣದಾಗಿ ನಡೆಸುತ್ತಿದ್ದರು. ಪದ್ಯ ಕಳಿಸುವುದು ಗುಪ್ತನಾಮದಲ್ಲಿ. ಸಭೆಯಲ್ಲಿ ಆ ಹೆಸರು ಕೂಗಿದಾಗ ಗೆದ್ದವರು ಕೂತಲ್ಲೇ ಎದ್ದು ನಿಲ್ಲಬೇಕು, ಅಲ್ಲಿಯವರೆಗೆ ಅದು ಯಾರೆಂದು ಯಾರಿಗೂ ತಿಳಿಯದು. ಆಮೇಲೆ ಕವಿಯನ್ನು ಕುರ್ಚಿಯ ಮುಂದೆ ನಿಲ್ಲಿಸಿ, ತಲೆಯ ಮೇಲೆ ಕತ್ತಿಯನ್ನು ಒರೆಯಿಂದ ಅರ್ಧ ಎಳೆದು, "ಶಾಂತಿ ಇದೆಯೇ?" ಎಂದು ಮೂರು ಸಲ ಕೇಳುತ್ತಾರೆ. ಸಭೆ ಪ್ರತಿ ಸಲವೂ "ಶಾಂತಿ" ಎಂದು ಕೂಗಿದರೆ ಮಾತ್ರ ಕವಿ ಕೂರಬಹುದು. ಕತ್ತಿಯನ್ನು ಎಂದೂ ಪೂರ್ತಿ ಹೊರಗೆಳೆಯುವಂತಿಲ್ಲ.

ಆ ವರ್ಷ ಕತ್ತಿ ಅಂಕಲ್ ಕೈಯಲ್ಲಿತ್ತು. ಗಂಡನ ಹೊಡೆತ ತಾಳಲಾರದೆ ಅವರ ಮಗಳು ಪರ್ತ್‌ನಿಂದ ಓಡಿಬಂದು ಅಪ್ಪನ ಮನೆಯಲ್ಲಿದ್ದಳು. ಕೊಲ್ಲುತ್ತೇನೆಂದು ಅವನು ಹೇಳಿ ಕಳಿಸಿದ್ದ. ಹಾಗಾಗಿ ಅವಳು ಕೊನೆಯ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತಿದ್ದಳು.

ಗುಪ್ತನಾಮ ಕೂಗಿದರು. ಎದ್ದು ನಿಂತವಳು ಅವಳೇ. ಅಂಕಲ್‌ಗೂ ಗೊತ್ತಿರಲಿಲ್ಲ. ಜನ ಚಪ್ಪಾಳೆ ತಟ್ಟುತ್ತ ಅವಳನ್ನು ಬೆಳಕಿಗೆ ಕರೆತಂದರು. ಬಲಬಾಗಿಲಿನಲ್ಲಿ ನಿಂತು ಒಬ್ಬ ಗಂಡಸು ಅವಳನ್ನೇ ಹುಡುಕುತ್ತಿದ್ದಾನೆಂದು ಯಾರಿಗೂ ತಿಳಿದಿರಲಿಲ್ಲ.

ಒಂದನೆಯ ಸಲ, ಶಾಂತಿ. ಎರಡನೆಯ ಸಲ, ಶಾಂತಿ. ಮೂರನೆಯ ಸಲ ಕೇಳಿದಾಗ ಬಾಗಿಲಿನಿಂದ ಒಂದು ಧ್ವನಿ ಬಂತು: "ಇಲ್ಲ."

ಜನ ನಕ್ಕರು. ಯಾರೋ ಕುಡಿದವನ ತಮಾಷೆ ಎಂದುಕೊಂಡರು. ಅವನ ಧ್ವನಿ ಮುಳುಗುವಂತೆ ಎಲ್ಲರೂ ಇನ್ನೂ ಜೋರಾಗಿ, ಖುಷಿಯಿಂದ "ಶಾಂತಿ!" ಎಂದು ಕೂಗಿದರು. ಆ ಕೂಗಿನ ನಡುವೆಯೇ ಅವನು ಸಾಲುಗಳ ಮಧ್ಯದಿಂದ ನಡೆದುಹೋದ. ಕೈಯಲ್ಲಿ ಕಾರಿನ ಚಕ್ರ ಬಿಚ್ಚುವ ಕಬ್ಬಿಣದ ಸ್ಪ್ಯಾನರ್ ಇತ್ತು.

ಮೊದಲ ಏಟು ಮಗಳ ತಲೆಗೆ ಬೀಳಬೇಕಿತ್ತು. ಅಂಕಲ್ ನಡುವೆ ಬಂದರು. ಮೊಣಕೈ ಕೆಳಗಿನ ಮೂಳೆ ಮುರಿದ ಶಬ್ದ ನನಗೆ ಕೇಳಿಸಿತು. ನಾನು ಮೂಳೆ ವೈದ್ಯ, ಆ ಶಬ್ದ ಗೊತ್ತು. ಅವರ ಇನ್ನೊಂದು ಕೈ ಕತ್ತಿಯ ಹಿಡಿಯ ಮೇಲಿತ್ತು. ಅವರು ಅದನ್ನು ಎಳೆಯಲಿಲ್ಲ. ಒರೆಯೊಳಕ್ಕೆ ಪೂರ್ತಿ ತಳ್ಳಿ, ಮಗಳನ್ನು ಬೆನ್ನಿಂದ ಕುರ್ಚಿಗೆ ಒತ್ತಿ ನಿಂತರು. ಎರಡನೆಯ ಏಟು ಕಿವಿಯ ಮೇಲೆ. ಮೂರನೆಯದು ಅಲ್ಲೇ. ಓಕ್ ಮರದ ಮೇಲೆ ರಕ್ತ ಸಿಡಿಯಿತು. ಅಷ್ಟರಲ್ಲಿ ನಾನು ಮೇಜು ದಾಟಿದ್ದೆ, ಹತ್ತು ಜನ ಅವನ ಮೇಲೆ ಬಿದ್ದಿದ್ದರು.

ಮರುದಿನ ಆಸ್ಪತ್ರೆಯಲ್ಲಿ ಸ್ವಲ್ಪ ಹೊತ್ತು ಅವರಿಗೆ ಎಚ್ಚರವಿತ್ತು. ಕತ್ತಿ ಯಾಕೆ ಎಳೆಯಲಿಲ್ಲವೆಂದು ಕೇಳಿದೆ.

"ಎಳೆದಿದ್ರೆ ಕೊಂದೇ ಬಿಡ್ತಿದ್ದೆ ಡಾಕ್ಟರ್. ಅವಳು ನೋಡ್ತಿದ್ಲಲ್ಲ." ಆಮೇಲೆ, "ಅವಳು ಕೂತ್ಲಾ?" ಎಂದರು.

"ಇಲ್ಲ," ಎಂದೆ.

ವಾರದೊಳಗೆ ಅಂಕಲ್ ತೀರಿಕೊಂಡರು...

ನಾವು ಬ್ರಿಸ್ಬೇನ್‌ಗೆ ಬಂದೆವು. ಈಗ ಬೇಲಿಯ ಆಚೆ ಯಾರೂ ಪದ್ಯದ ಮಾತು ಆಡುವುದಿಲ್ಲ. ಆ ದಿನದ ಘಟನೆಯನ್ನು ಹತ್ತಿರದಿಂದ ಕಂಡವರಲ್ಲಿ, ನನಗೆ ಗೊತ್ತಿದ್ದಂತೆ, ಇನ್ನೂ ಬದುಕಿರುವವರು ನಾನು, ಚಹಾದ ಮೇಜಿನ ಬಳಿ ನನ್ನ ಜೊತೆಗಿದ್ದ ನನ್ನ ಹೆಂಡತಿ, ವೇದಿಕೆಯ ಮೇಲೆ ಹಾರ್ಪ್ ಎಂಬ ತಂತಿವಾದ್ಯ ನುಡಿಸುತ್ತಿದ್ದ ಒಬ್ಬ ಅಜ್ಜಿ. ಅಂಕಲ್ ಮಗಳು ಅಡಿಲೇಡ್‌ನ ಅದೇ ಮನೆಯಲ್ಲಿದ್ದಾಳೆ. ಕುರ್ಚಿ ಅಲ್ಲೇ ಇದೆ, ಅವಳು ಇನ್ನೂ ಕೂತಿಲ್ಲ. ಸೆರೆಮನೆಯಲ್ಲಿರುವ ಅವಳ ಗಂಡನೂ ಬದುಕಿದ್ದಾನೆ. ಅಂಕಲ್ ಕತ್ತಿ ಎಳೆಯದಿದ್ದುದನ್ನು ಎಲ್ಲರಿಗಿಂತ ಹತ್ತಿರದಿಂದ ಕಂಡವನು ಅವನು.